ಸಂತೆಗೆ ಬಂದ ಕುಬ್ಜವೃಕ್ಷ

ಒಂದು ಮೊಳ ಎತ್ತರದ ಆಲದ ಮರವನ್ನು ಊಹಿಸಿಕೊಳ್ಳಿ. ಬೊಡ್ಡೆ ಗಂಟುಗಂಟಾಗಿ ಮುದಿತನವನ್ನು ತೋರುತ್ತಿದೆ. ಟೊಂಗೆಗಳಿಂದ ಬಿಳಲುಗಳು ಇಳಿದಿವೆ. ಮೇಲೆ ಕೊಡೆ ಬಿಚ್ಚಿದಂತೆ ಎಲೆಯ ಚಪ್ಪರ. ಇಷ್ಟೆಲ್ಲ ಇರುವುದು ಮೂರು ಬೆರಳು ಆಳದ ಒಂದು ಕುಂಡದಲ್ಲಿ. ಹೀಗೆ ದೊಡ್ಡ ಮರದ ರೂಪವನ್ನು ಸಣ್ಣ ಕುಂಡದಲ್ಲಿ ಪಳಗಿಸಿ ಬೆಳೆಸುವ ವಿದ್ಯೆಗೆ ಬೋನ್ಸಾಯ್ ಎಂದು ಹೆಸರು. ಮಾತು ಜಪಾನೀ ಭಾಷೆಯದು. ತಟ್ಟೆಯಂಥ ಕುಂಡದಲ್ಲಿ ನೆಡುವುದು ಎಂಬಷ್ಟೇ ಅದರ ಅರ್ಥ. ನಮ್ಮಲ್ಲಿ ಕೆಲವರು ಇದನ್ನು ಕುಬ್ಜವೃಕ್ಷವೆಂದೂ ಕೆಲವರು ವಾಮನವೃಕ್ಷವೆಂದೂ ಕರೆಯುತ್ತಾರೆ.

ಹಿಂದೆ ಇಂಥ ಮರವನ್ನು ಕಣ್ಣಾರೆ ಕಾಣಬೇಕಾದರೆ ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯ ದಿನಕ್ಕೋ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗಬೇಕಾಗುತ್ತಿತ್ತು. ಆಮೇಲೆ ಮೈಸೂರಿನ ಅವಧೂತ ದತ್ತಪೀಠದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವೇ ಎದ್ದಿತು. 2016ರ ಡಿಸೆಂಬರಿನಲ್ಲಿ ಅಲ್ಲಿ ಒಟ್ಟಿಗೆ ತೋರಿಸಿದ 2,649 ಕುಬ್ಜವೃಕ್ಷಗಳು ಗಿನ್ನೆಸ್ ದಾಖಲೆಗೆ ಸೇರಿದವು. ಈಗ ಬೆಂಗಳೂರು, ಮೈಸೂರುಗಳ ತನಕ ಹೋಗಬೇಕಾದ ಕಾರಣವೂ ಉಳಿದಿಲ್ಲ. ಕೈಯಲ್ಲಿರುವ ಫೋನಿನಲ್ಲಿ ಚಿತ್ರ ನೋಡಿ, ಐದುನೂರೋ ಸಾವಿರವೋ ರೂಪಾಯಿ ಕಟ್ಟಿದರೆ, ಕೆಲವು ದಿನಗಳಲ್ಲಿ ರಟ್ಟಿನ ಪೆಟ್ಟಿಗೆಯೊಂದು ಬನಹಟ್ಟಿಯ ಹಾದಿ ಹಿಡಿದು ನಮ್ಮ ಚಿಮ್ಮಡದ ಮನೆಬಾಗಿಲಿಗೇ ಬರುತ್ತದೆ. ಗೃಹಪ್ರವೇಶಕ್ಕೆ, ನಿವೃತ್ತಿಯ ಸಮಾರಂಭಕ್ಕೆ ಹಣ್ಣಿನ ಬುಟ್ಟಿಯ ಬದಲು ಇದನ್ನೇ ಉಡುಗೊರೆಯಾಗಿ ಒಯ್ಯುವವರೂ ಇದ್ದಾರೆ.

ಗಿಡದ ಬೆನ್ನಿಗೇ ಒಂದು ತಕರಾರೂ ಬಂದಿದೆ. ಇಪ್ಪತ್ತು ಮೂವತ್ತು ವರ್ಷ ಈ ವಿದ್ಯೆಯಲ್ಲಿ ಕೈ ಸವೆಸಿದವರು ಪೆಟ್ಟಿಗೆಯ ಗಿಡವನ್ನು ನೋಡಿ, "ಇದು ಬೋನ್ಸಾಯೇ ಅಲ್ಲ, ಕುಂಡದಲ್ಲಿಟ್ಟ ಗಿಡ" ಎನ್ನುತ್ತಾರೆ. ಕೊಂಡವರು, "ಮರ ಸಣ್ಣದಿದೆ, ಕುಂಡ ಸಣ್ಣದಿದೆ, ಚೀಟಿಯ ಮೇಲೆ ಹೆಸರೂ ಬರೆದಿದೆ; ಮತ್ತೇನು ಬೇಕು?" ಎಂದು ಕೇಳುತ್ತಾರೆ. ಈ ಜಗಳ ಬರಿಯ ಹೆಸರಿನದಾಗಿದ್ದರೆ ನಾವು ಇಷ್ಟು ಹೊತ್ತು ಅದರ ಮೇಲೆ ಕಳೆಯಬೇಕಾಗಿರಲಿಲ್ಲ. ಇದರ ನಡುವೆ ಒಂದು ಜೀವವಿದೆ. ಕೊಂಡ ಗಿಡ ತಿಂಗಳೊಳಗೆ ಒಣಗಿದಾಗ ಕೊಂಡವರು, "ನಮ್ಮ ಕೈಗುಣ ಸರಿಯಿಲ್ಲ" ಎಂದುಕೊಂಡು ಮತ್ತೆ ಆ ಕಡೆ ಹೊರಳಿ ನೋಡುವುದಿಲ್ಲ. ಒಂದು ಗಿಡ ಸತ್ತಿತು. ಅದರ ಜೊತೆಗೆ ಒಬ್ಬರ ಆಸಕ್ತಿಯೂ ಸತ್ತಿತು. ಆದುದರಿಂದ ಪೆಟ್ಟಿಗೆಯಲ್ಲಿ ಬಂದದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೆಚ್ಚಾಗಿ ಬರುವುದು ಫೈಕಸ್ ಮೈಕ್ರೋಕಾರ್ಪ ಎಂಬ ಜಾತಿಯ ಗಿಡ. ಹೆಸರು ಪರದೇಶದ್ದಾಗಿ ಕೇಳಿದರೂ ಗಿಡ ನಮಗೆ ಅಪರಿಚಿತವಲ್ಲ. ಆಲ, ಅರಳಿ, ಅತ್ತಿ, ಬಸರಿಗಳ ಬಳಗದ್ದೇ ಇದು. ಭಾರತದಿಂದ ಚೀನದವರೆಗೂ, ಅಲ್ಲಿಂದ ಆಸ್ಟ್ರೇಲಿಯದವರೆಗೂ ತಾನಾಗಿ ಬೆಳೆಯುವ ಮರ. ಅಂಗಡಿಯವರು ಇದನ್ನು ಜಿನ್ಸೆಂಗ್ ಫೈಕಸ್ ಎನ್ನುತ್ತಾರೆ. ಔಷಧಿಯ ಜಿನ್ಸೆಂಗಿಗೂ ಇದಕ್ಕೂ ಯಾವ ನಂಟೂ ಇಲ್ಲ. ಬೇರು ಗೆಡ್ಡೆಯಂತೆ ಉಬ್ಬಿರುವುದರಿಂದ ಬಂದ ಹೆಸರು ಅದು.

ಇದನ್ನು ತಯಾರಿಸುವ ಬಗೆ ಹೀಗೆ. ಚೀನದ ಫೂಜಿಯಾನ್ ಮೊದಲಾದ ಪ್ರಾಂತಗಳಲ್ಲಿ ಬೀಜದಿಂದ ಸಾವಿರಾರು ಸಸಿಗಳನ್ನು ಎಬ್ಬಿಸುತ್ತಾರೆ. ಬೀಜದ ಸಸಿಗೆ ಮಣ್ಣಿನೊಳಗೆ ದಪ್ಪ ಬೇರು ಕಟ್ಟುವ ಗುಣವಿದೆ. ಅವು ಬಲಿತ ಮೇಲೆ ಕಿತ್ತು, ಉಬ್ಬಿದ ಬೇರು ಮೇಲೆ ಕಾಣುವಂತೆ ಎತ್ತಿ ನೆಡುತ್ತಾರೆ. ತಲೆಯನ್ನು ಕತ್ತರಿಸಿ, ಚಿಕ್ಕದಾಗಿ ಒತ್ತೊತ್ತಾಗಿ ಎಲೆ ಬಿಡುವ ಇನ್ನೊಂದು ಬಗೆಯ ಕುಡಿಗಳನ್ನು ಕಸಿ ಕಟ್ಟುತ್ತಾರೆ. ಕಸಿ ಕೂಡಿ ಚಿಗುರಿದ ಮೇಲೆ ಹಡಗಿನ ಪೆಟ್ಟಿಗೆಗಳಲ್ಲಿ ದೇಶದೇಶಗಳಿಗೆ ಕಳಿಸುತ್ತಾರೆ. ನೂರು ಗಿಡಗಳನ್ನು ಸಾಲಾಗಿಟ್ಟರೆ ಒಂದರಂತೆ ಇನ್ನೊಂದು. ಇದರ ಜೊತೆಗೆ ಕಡ್ಡಿ ನೆಟ್ಟು ಎಬ್ಬಿಸಿದ ಜೇಡ್ ಗಿಡ, ಬುಡ ಊದಿದ ಅಡೇನಿಯಂ ಇವೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಈಗ ಹಿರಿಯರ ಮೊದಲನೆಯ ಆಕ್ಷೇಪಣೆಯನ್ನು ತೆಗೆದುಕೊಳ್ಳೋಣ. "ಒಟ್ಟಿಗೆ ಸಾವಿರಗಟ್ಟಲೆ ಬೆಳೆದದ್ದು ಬೋನ್ಸಾಯ್ ಹೇಗಾದೀತು?" ಎಂಬುದು ಅದು. ಇದಕ್ಕೆ ಉತ್ತರ ಜಪಾನಿನಲ್ಲಿಯೇ ಇದೆ. ಶಿಕೊಕು ದ್ವೀಪದ ತಕಮಾತ್ಸು ಪಟ್ಟಣದ ಅಂಚಿಗೆ ಕಿನಾಶಿ, ಕೊಕುಬುಂಜಿ ಎಂಬ ಊರುಗಳಿವೆ. ಇನ್ನೂರು ವರ್ಷಗಳಿಗೂ ಹಿಂದಿನಿಂದ ಅಲ್ಲಿಯ ಒಕ್ಕಲಿಗರ ಕಸುಬು ಪೈನ್ ಮರದ ಬೋನ್ಸಾಯ್. ಜಪಾನಿನ ಪೈನ್ ಬೋನ್ಸಾಯ್‌ಗಳಲ್ಲಿ ನೂರಕ್ಕೆ 80ರಷ್ಟು ಈ ಸೀಮೆಯವೇ ಎಂದು ಲೆಕ್ಕ. ಅವರು ಇವನ್ನು ಬೆಳೆಯುವುದು ಬಯಲು ಹೊಲದಲ್ಲಿ, ನಾವು ಮೆಣಸಿನ ಅಗಿ ಹಚ್ಚಿದಂತೆ ಸಾಲುಹಿಡಿದು. ವರ್ಷಗಟ್ಟಲೆ ನೆಲದಲ್ಲಿ ಬಿಟ್ಟು, ನಡುನಡುವೆ ಬೇರು ಕಡಿದು, ಟೊಂಗೆ ಸವರಿ, ಬೊಡ್ಡೆ ದಪ್ಪವಾದ ಮೇಲೆ ಕುಂಡಕ್ಕೆ ಏರಿಸುತ್ತಾರೆ. ಹೆಚ್ಚು ಸಂಖ್ಯೆಯಲ್ಲಿ ಬೆಳೆಯುವುದೇ ದೋಷವೆಂದರೆ ಈ ಕಲೆಯ ತವರುಮನೆಯೇ ದೋಷಕ್ಕೆ ಗುರಿಯಾಗುತ್ತದೆ.

ಎರಡನೆಯದು ಕಸಿಯ ಮಾತು. "ಬುಡ ಒಂದು, ತಲೆ ಒಂದು, ಇದು ಕೃತ್ರಿಮ" ಎನ್ನುತ್ತಾರೆ. ಜಪಾನಿನಲ್ಲಿ ಬಿಳಿ ಪೈನಿನ ಕುಡಿಯನ್ನು ಗಟ್ಟಿ ಬೇರಿನ ಕಪ್ಪು ಪೈನಿಗೆ ಕಸಿ ಕಟ್ಟುವುದು ಹಳೆಯ ವಾಡಿಕೆ. ಅದಿರಲಿ, ಜಮಖಂಡಿಯಿಂದ ವಿಜಯಪುರದ ತನಕ ದ್ರಾಕ್ಷಿ ಬೆಳೆಯುವ ನಮ್ಮ ಜನಕ್ಕೆ ಕಸಿ ಹೊಸದಲ್ಲ. ಉಪ್ಪುನೀರನ್ನೂ ಬರವನ್ನೂ ತಾಳುವ ಡಾಗ್‌ರಿಜ್ ಬೇರಿನ ಮೇಲೆ ಬೇಕಾದ ತಳಿಯ ಕಣ್ಣು ಕೂರಿಸಿ ಬೆಳೆದ ದ್ರಾಕ್ಷಿಯನ್ನು ಯಾರೂ ಸುಳ್ಳು ದ್ರಾಕ್ಷಿ ಎನ್ನುವುದಿಲ್ಲ. ಕಬ್ಬಿನ ಮಾತೂ ಹಾಗೆಯೇ. ಹೊಲದಲ್ಲಿ ತುಂಡು ಊರುವ ಬದಲು, ನರ್ಸರಿಯ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಎಬ್ಬಿಸಿದ ಸಸಿಗಳನ್ನು ಗಾಡಿಗಟ್ಟಲೆ ತಂದು ನಾಟಿ ಮಾಡುತ್ತೇವೆ. ಕಾರ್ಖಾನೆಯ ತೂಕದ ಕಟ್ಟೆಯ ಮೇಲೆ ಅದು ಕಬ್ಬೇ.

ಮೂರನೆಯದು ವ್ಯಾಪಾರದ ಮಾತು. ಕುಂಡದ ಮರ ತಪಸ್ಸಿನಂತೆ ಮನೆಯಲ್ಲಿ ಬೆಳೆಯಬೇಕಾದದ್ದು, ಮಾರಿಕೊಳ್ಳುವ ಸರಕಲ್ಲ ಎಂಬ ಭಾವನೆ ಹಲವರಲ್ಲಿದೆ. ಭಾವನೆ ಒಳ್ಳೆಯದೇ, ಆದರೆ ಚರಿತ್ರೆ ಬೇರೆ ಮಾತು ಹೇಳುತ್ತದೆ. ಕುಂಡದಲ್ಲಿ ಸಣ್ಣ ಗಿಡ, ಸಣ್ಣ ಬೆಟ್ಟ ಕೂರಿಸುವ ಕೆಲಸ ಮೊದಲು ಕಾಣುವುದು ಚೀನದಲ್ಲಿ, ಕ್ರಿ. ಶ. 706ರಲ್ಲಿ ಕಟ್ಟಿದ ಟಾಂಗ್ ರಾಜಕುಮಾರ ಲಿ ಶಿಯಾನನ ಸಮಾಧಿಯ ಗೋಡೆಚಿತ್ರದಲ್ಲಿ ಪರಿಚಾರಕನೊಬ್ಬ ಅಂಥ ತಟ್ಟೆಯನ್ನು ಹಿಡಿದು ನಿಂತಿದ್ದಾನೆ. ಅರಮನೆಯಿಂದ, ಮಠಗಳಿಂದ ಅದು ಜಪಾನಿಗೆ ದಾಟಿ, ಮುಂದೆ ಪೇಟೆಗೂ ಬಂದಿತು. 1890ರಲ್ಲಿ ಹುಟ್ಟಿದ ಯೊಕೊಹಾಮಾ ನರ್ಸರಿ ಕಂಪನಿ ಚಿತ್ರಗಳಿರುವ ಬೆಲೆಪಟ್ಟಿ ಅಚ್ಚುಹಾಕಿಸಿ, ಅಮೆರಿಕ ಯುರೋಪುಗಳಿಗೆ ಕುಬ್ಜವೃಕ್ಷಗಳನ್ನು ಹಡಗಿನಲ್ಲಿ ಕಳಿಸುತ್ತಿತ್ತು. ಅಮೆರಿಕದ ರಾಯಭಾರಿಯಾಗಿದ್ದ ಲಾರ್ಸ್ ಆಂಡರ್ಸನ್ 1913ರಲ್ಲಿ ಜಪಾನಿನಿಂದ ಮರಳುವಾಗ ಕೊಂಡದ್ದು ಈ ಕಂಪನಿಯ ಮರಗಳನ್ನೇ. 1937ರಲ್ಲಿ ಅವು ಬಾಸ್ಟನ್ನಿನ ಆರ್ನಲ್ಡ್ ಅರ್ಬೊರೇಟಮ್ ಎಂಬ ಸಸ್ಯೋದ್ಯಾನಕ್ಕೆ ಸೇರಿದವು. ಅವುಗಳಲ್ಲಿ ಕೆಲವು ಇಂದಿಗೂ ಬದುಕಿವೆ. ತೀರ ಹಳೆಯದರ ಹುಟ್ಟನ್ನು 1737 ಎಂದು ಎಣಿಸುತ್ತಾರೆ. ಆಂಡರ್ಸನ್ ಕೊಂಡವು ಅಗ್ಗದ ಸಸಿಗಳಾಗಿರಲಿಲ್ಲ, ನಿಜ. ಆದರೂ ಬೆಲೆಪಟ್ಟಿಯಲ್ಲಿ ಅಚ್ಚಾದ ಮಾತ್ರಕ್ಕೆ ಮರದ ಮಾನ ಹೋಗುವುದಿಲ್ಲ ಎಂಬುದಕ್ಕೆ ಈ ಸಾಕ್ಷಿ ಸಾಕು.

ಹಾಗಾದರೆ ಪೆಟ್ಟಿಗೆಯ ಗಿಡ ಬೋನ್ಸಾಯೇ ಎಂದು ಒಪ್ಪಿಬಿಡಬಹುದೆ? ಅಷ್ಟು ಸಲೀಸಲ್ಲ. ಒಂದು ವಸ್ತುವಿನ ನಿಜತನ ಎಲ್ಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದು ಎಲ್ಲ ವಸ್ತುಗಳಲ್ಲಿಯೂ ಒಂದೇ ಕಡೆ ಇರುವುದಿಲ್ಲ. ನಮ್ಮ ಸುತ್ತಮುತ್ತಲ ಎರಡು ಉದಾಹರಣೆಗಳು ಇದನ್ನು ಚೆನ್ನಾಗಿ ತಿಳಿಸುತ್ತವೆ.

ರಬಕವಿ ಬನಹಟ್ಟಿ ನೇಕಾರರ ಊರುಗಳು. ಅಲ್ಲಿ ಕೈಮಗ್ಗವೂ ಉಂಟು, ಪವರ್‌ಲೂಮೂ ಉಂಟು. ನಮ್ಮ ಜಿಲ್ಲೆಯದೇ ಆದ ಇಳಕಲ್ಲಿನ ಸೀರೆಯನ್ನು ತೆಗೆದುಕೊಳ್ಳಿ. ಕುಣಿಮಗ್ಗದಲ್ಲಿ ಕುಳಿತ ನೇಕಾರ ಮೈಯ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾನೆ. ಆ ಜೋಡಣೆಯೇ ಅದರ ಹೆಗ್ಗಳಿಕೆ. ಕಣ್ಣಿಗೆ ಹಾಗೆಯೇ ಕಾಣುವ ಸೀರೆಯನ್ನು ಯಂತ್ರದಲ್ಲಿ ನೇಯ್ದು "ಕೈಮಗ್ಗದ್ದು" ಎಂದು ಮಾರಿದರೆ ಅದು ಮೋಸ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಆದದ್ದು ಇದೇ ಕಾರಣಕ್ಕೆ. ಸೀರೆ ಮಗ್ಗದಿಂದ ಇಳಿದ ದಿನವೇ ಪೂರ್ಣವಾಯಿತು. ಮುಂದೆ ಉಡುವವರು ಎಷ್ಟೇ ಜೋಪಾನ ಮಾಡಿದರೂ ಯಂತ್ರದ ಸೀರೆ ಕೈಮಗ್ಗದ ಸೀರೆಯಾಗದು. ಅದರ ನಿಜತನ ತಯಾರಿಕೆಯಲ್ಲಿದೆ.

ಇನ್ನೊಂದು ಉದಾಹರಣೆ ಮುಧೋಳದ ಬೇಟೆನಾಯಿ. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ತಳಿಯ ಚಿತ್ರವುಳ್ಳ ಅಂಚೆಚೀಟಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಸಣ್ಣ ನಡ, ಉದ್ದ ಮೂತಿ ಇದ್ದ ಮಾತ್ರಕ್ಕೆ ಎಲ್ಲವೂ ಮುಧೋಳ ನಾಯಿಯಲ್ಲ. ತಾಯಿ ಯಾವುದು, ತಂದೆ ಯಾವುದು ಎಂದು ಕೇಳುತ್ತೇವೆ. ಹಾಲು ಹಾಕಿ, ಓಟ ಕಲಿಸಿ ಎಷ್ಟು ಸಾಕಿದರೂ ಬೇರೆ ತಳಿಯ ಮರಿ ಮುಧೋಳದ್ದಾಗದು. ಅದರ ನಿಜತನ ಹುಟ್ಟಿನಲ್ಲಿದೆ.

ಕುಂಡದ ಮರ ಈ ಎರಡು ಪಂಕ್ತಿಗೂ ಸೇರುವುದಿಲ್ಲ. ಅದಕ್ಕೆ ಕುಲವಿಲ್ಲ, ಹುಣಸೆಯಾಗಲಿ ಆಲವಾಗಲಿ ಪೈನ್ ಆಗಲಿ, ಕಾಡಿನ ಮರಕ್ಕೂ ಕುಂಡದ ಮರಕ್ಕೂ ಬೀಜ ಒಂದೇ. ಇಂಥ ದಿನ ಪೂರ್ಣವಾಯಿತೆಂದು ಮಗ್ಗದಿಂದ ಇಳಿಸುವಂಥದೂ ಅಲ್ಲ. ಇಂದು ಸವರಿದ ಟೊಂಗೆ ನಾಳೆ ಚಿಗುರುತ್ತದೆ. ಈ ವರ್ಷ ಕತ್ತರಿಸಿದ ಬೇರು ಎರಡು ವರ್ಷಕ್ಕೆ ಮತ್ತೆ ಕುಂಡ ತುಂಬುತ್ತದೆ. ಮರ ಬದುಕಿರುವ ತನಕ ಕೆಲಸ ನಡೆದೇ ಇರಬೇಕು. ಆದುದರಿಂದ ಅದರ ನಿಜತನ ಸಾಕಣೆಯಲ್ಲಿದೆ. ಒಬ್ಬರು ಒಂದು ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು, ಗಿಡದ ಒಪ್ಪಿಗೆ ಕೇಳುತ್ತ ಕೇಳುತ್ತ, ವರ್ಷದ ಮೇಲೆ ವರ್ಷ ಅದನ್ನು ಆ ರೂಪದ ಕಡೆಗೆ ನಡೆಸಿಕೊಂಡು ಬಂದರೆ ಅದು ಬೋನ್ಸಾಯ್. ಎಲ್ಲಿಂದ ಬಂದಿತು, ಎಷ್ಟಕ್ಕೆ ಬಂದಿತು ಎಂಬುದು ಎರಡನೆಯ ಮಾತು.

ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಯಮಾಕಿ ಪೈನ್ ಇದಕ್ಕೆ ಒಳ್ಳೆಯ ನಿದರ್ಶನ. ಅದು ಬೆಳೆಯಲಾರಂಭಿಸಿದ್ದು 1625ರಲ್ಲಿ. ಹಿರೋಶಿಮಾದ ಯಮಾಕಿ ಮನೆತನದವರು ತಲೆಮಾರುಗಳಿಂದ ಅದನ್ನು ಸಾಕಿದ್ದರು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಅವರ ತೋಟ ಆ ಸ್ಥಳದಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿತ್ತು. ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. ಜಪಾನ್ 1976ರಲ್ಲಿ ಅಮೆರಿಕಕ್ಕೆ 53 ಬೋನ್ಸಾಯ್‌ಗಳನ್ನು ಕಾಣಿಕೆ ಕೊಟ್ಟಾಗ ಇದೂ ಅದರಲ್ಲಿ ಹೋಯಿತು. ಬಾಂಬಿನ ಕಥೆ ಅಲ್ಲಿಯವರಿಗೆ ತಿಳಿದದ್ದು 2001ರಲ್ಲಿ, ಯಮಾಕಿಯವರ ಮೊಮ್ಮಕ್ಕಳು ಮರವನ್ನು ನೋಡಲು ಹೋದಾಗ. ಅದುವರೆಗಿನ ಇಪ್ಪತ್ತೈದು ವರ್ಷ ಅಲ್ಲಿಯ ಮಾಲಿಗಳು ಕಥೆ ಗೊತ್ತಿಲ್ಲದೆಯೇ ದಿನವೂ ನೀರು ಹಾಕಿ ಅದನ್ನು ಕಾಯ್ದಿದ್ದರು. ಆ ಮರವನ್ನು ಬೋನ್ಸಾಯ್ ಆಗಿ ಉಳಿಸಿದ್ದು ಆ ದಿನದಿನದ ನೀರು.

ಈ ಅಳತೆಯಿಂದ ನೋಡಿದರೆ, ಪೆಟ್ಟಿಗೆಯಲ್ಲಿ ಬಂದ ಗಿಡ ಸುಳ್ಳು ಬೋನ್ಸಾಯ್ ಅಲ್ಲ. ಇನ್ನೂ ಆರಂಭವಾಗದ ಬೋನ್ಸಾಯ್. ಮಗ್ಗಕ್ಕೆ ಹೂಡಿದ ಹಾಸಿನಂತೆ. ಹಾಸು ಸೀರೆಯಲ್ಲ, ಆದರೆ ಹಾಸಿಲ್ಲದೆ ಸೀರೆಯೂ ಇಲ್ಲ. ಹಿರಿಯರು ಹೇಳುವ ಕುಂದುಗಳೆಲ್ಲ ನಿಜ: ಬೊಡ್ಡೆ ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವುದಿಲ್ಲ, ಬೇರು ಸುತ್ತಲೂ ಹರಡಿ ನೆಲ ಹಿಡಿದಿಲ್ಲ, ಟೊಂಗೆಗೂ ಎಲೆಗೂ ಹೊಂದಿಕೆಯಿಲ್ಲ. ಅವು ಕೆಲಸ ಉಳಿದಿರುವುದರ ಗುರುತುಗಳು. ಕಲಿಯುವ ಹುಡುಗ ಬರೆದ ಸೊಟ್ಟ ಅಕ್ಷರವೂ ಅಕ್ಷರವೇ. ಅದನ್ನು ತಿದ್ದಬೇಕು, ಪಾಟಿಯನ್ನು ಕಸಿದುಕೊಳ್ಳಬಾರದು.

ಒಪ್ಪಲಾಗದ ಮಾತು ಒಂದಿದೆ. ಅದು ಚೀಟಿಯ ಮೇಲಿನ ಬರವಣಿಗೆ. ಎರಡು ಮೂರು ವರ್ಷದ ಗಿಡಕ್ಕೆ "ಹತ್ತು ವರ್ಷದ ಬೋನ್ಸಾಯ್" ಎಂದು ಬರೆಯುವುದು, ತೂತಿಲ್ಲದ ಚೀನೀಮಣ್ಣಿನ ಕುಂಡದಲ್ಲಿಟ್ಟು ಮೇಲೆ ಬಿಳಿಹರಳುಗಳನ್ನು ಅಂಟುಹಾಕಿ ಕೂರಿಸುವುದು, "ಮನೆಯೊಳಗೆ ಎಲ್ಲಿಟ್ಟರೂ ಬದುಕುತ್ತದೆ, ವಾರಕ್ಕೊಮ್ಮೆ ನೀರು ಸಾಕು" ಎಂದು ಹೇಳುವುದು, ಇವು ಯಂತ್ರದ ಸೀರೆಗೆ ಕೈಮಗ್ಗದ ಮುದ್ರೆ ಒತ್ತಿದಷ್ಟೇ ತಪ್ಪು. ಯಂತ್ರದ ಸೀರೆಯನ್ನು ಯಂತ್ರದ್ದೆಂದೇ ಮಾರಿದರೆ ಅದರಲ್ಲಿ ಅವಮಾನವಿಲ್ಲ. ಎಷ್ಟೋ ಬಡವರ ಮಾನ ಅದು ಮುಚ್ಚಿದೆ. ಹಾಗೆಯೇ "ಬೋನ್ಸಾಯ್ ಕಲಿಯಲು ಸಸಿ" ಎಂದು ಬರೆದು, ಬೆಳೆಸುವ ಕ್ರಮವನ್ನು ನಾಲ್ಕು ಸಾಲು ಕನ್ನಡದಲ್ಲಿ ಅಚ್ಚುಹಾಕಿ ಕೊಟ್ಟರೆ ಮಾರುವವರಿಗೂ ಮರ್ಯಾದೆ, ಕೊಳ್ಳುವವರಿಗೂ ಕ್ಷೇಮ.

ಅಗ್ಗದ ಗಿಡದಿಂದ ಒಂದು ಉಪಕಾರವೂ ಆಗಿದೆ. ಹಿಂದೆ ಒಳ್ಳೆಯ ಬೋನ್ಸಾಯ್ ಬೇಕಾದರೆ ಬೆಟ್ಟದ ಬಂಡೆಗಳ ಸಂದಿನಲ್ಲಿ ಗಾಳಿಗೂ ಬರಕ್ಕೂ ಕುಗ್ಗಿ ನಿಂತ ಮುದಿಗಿಡಗಳನ್ನು ಹುಡುಕಿ ಅಗೆದು ತರುತ್ತಿದ್ದರು. ನೂರು ವರ್ಷ ಅಲ್ಲಿಯೇ ಬಾಳಿದ ಗಿಡ ಅಗೆದ ಮೇಲೆ ಬದುಕುವುದು ಖಾತ್ರಿಯಿರಲಿಲ್ಲ. ಕಾಡಿನಿಂದ ತಂದದ್ದೇ ನಿಜವಾದ ಬೋನ್ಸಾಯ್ ಎಂಬ ಹಟ ಹಿಡಿದರೆ ನಮ್ಮ ಗುಡ್ಡಗಳಲ್ಲಿ ಉಳಿದಿರುವ ನಾಲ್ಕು ಗಿಡಗಳೂ ಉಳಿಯಲಾರವು. ನರ್ಸರಿಯ ಸಸಿಯ ಮೇಲೆ ಕೈ ಪಳಗಿಸಿಕೊಂಡರೆ ಗುಡ್ಡಕ್ಕೆ ಕೇಡಿಲ್ಲ; ಕಲಿಯುವಾಗ ಒಂದು ಹೋದರೂ ನಷ್ಟ ದೊಡ್ಡದಲ್ಲ.

ಇನ್ನು, ಗಿಡ ನಿಮ್ಮ ಮನೆಗೆ ಬಂದಿದೆ ಎನ್ನಿ. ಏನು ಮಾಡಬೇಕು?

ಮೊದಲು ಕುಂಡವನ್ನು ತಿರುವಿ ತಳ ನೋಡಿ. ನೀರು ಹೋಗಲು ತೂತಿಲ್ಲದಿದ್ದರೆ ಅಂಥ ಕುಂಡದಲ್ಲಿ ಗಿಡವನ್ನು ಇರಿಸಬೇಡಿ. ಅಂಟಿಸಿದ ಹರಳುಗಳಿದ್ದರೆ ತೆಗೆದುಹಾಕಿ. ಅವುಗಳ ಕೆಳಗೆ ಮಣ್ಣು ಒಣಗಿದೆಯೋ ನೆನೆದಿದೆಯೋ ತಿಳಿಯುವುದಿಲ್ಲ, ನೀರೂ ಸರಿಯಾಗಿ ಇಳಿಯುವುದಿಲ್ಲ. ಟೊಂಗೆಗೆ ತಂತಿ ಸುತ್ತಿದ್ದರೆ ಅದು ತೊಗಟೆಯೊಳಗೆ ಹೂತಿದೆಯೇ ನೋಡಿ, ತುಂಡುತುಂಡಾಗಿ ಕತ್ತರಿಸಿ ಬಿಡಿಸಿ. ಸುತ್ತು ಬಿಚ್ಚಲು ಹೋದರೆ ಟೊಂಗೆ ಮುರಿದೀತು.

ಎರಡನೆಯದು ಜಾಗ. ಪಡಸಾಲೆಯ ಒಳಗೆ ಟಿ.ವಿ.ಯ ಮಗ್ಗುಲಲ್ಲಿಟ್ಟರೆ ಅದು ಬಹಳ ಕಾಲ ತಾಳದು. ಇದು ಬಿಸಿಲಿನ ದೇಶದ ಮರ. ಹಾಗೆಂದು ನಮ್ಮ ಏಪ್ರಿಲ್ ಮೇ ತಿಂಗಳ ನಡುಹಗಲಿಗೆ ಮಾಳಿಗೆಯ ಮೇಲೆ ಒಡ್ಡಲೂ ಬಾರದು. ಮುಂಜಾನೆಯ ಬಿಸಿಲು ಬೀಳುವ ಕಟ್ಟೆಯಾಗಲಿ ಬೇವಿನ ಮರದ ತೆಳುನೆರಳಾಗಲಿ ಅದಕ್ಕೆ ಹಿತ. ಜಾಗ ಬದಲಾದಾಗ ಫೈಕಸ್ ಎಲೆ ಉದುರಿಸುವುದು ಸಹಜ. ಇದೇ ಅಪಾಯದ ಗಳಿಗೆ. ಗಿಡ ಸಾಯುತ್ತಿದೆಯೆಂದು ಹೆದರಿ ಜನ ಹೊತ್ತುಹೊತ್ತಿಗೆ ನೀರು ಸುರಿಯುತ್ತಾರೆ. ಎಲೆಯಿಲ್ಲದ ಗಿಡ ನೀರು ಕುಡಿಯಲಾರದೆ ಬೇರು ಕೊಳೆಯುತ್ತದೆ. ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ತಾಳ್ಮೆಯಿಂದ ಕಾಯ್ದರೆ ಚಿಗುರುತ್ತದೆ.

ನೀರಿಗೆ ವಾರದ ಲೆಕ್ಕವಿಲ್ಲ. ಬೆರಳನ್ನು ಮಣ್ಣಿನಲ್ಲಿ ಊರಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ತಳದಿಂದ ಹರಿಯುವ ತನಕ ಹಾಕಬೇಕು. ಬೇಸಿಗೆಯಲ್ಲಿ ಆಳವಿಲ್ಲದ ಕುಂಡ ಒಂದೇ ಹಗಲಿನಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಬೇಡವಾದೀತು. ಮಣ್ಣಿನ ಮಾತು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ನಮ್ಮ ಎರೆಭೂಮಿ ಕಬ್ಬಿಗೂ ಜೋಳಕ್ಕೂ ತಾಯಿ. ಆದರೆ ಸಣ್ಣ ಕುಂಡದಲ್ಲಿ ಅದು ನೆನೆದಾಗ ಅಂಟು, ಒಣಗಿದಾಗ ಕಲ್ಲು. ಇಟ್ಟಂಗಿಯ ಚೂರನ್ನು ಜೋಳದ ಕಾಳಿನಷ್ಟು ಸಣ್ಣಗೆ ಒಡೆದು, ಧೂಳನ್ನು ಸಾಣಿಸಿ ತೆಗೆದು, ಗರಸನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಸ್ವಲ್ಪವೇ ಸ್ವಲ್ಪವನ್ನೂ ಬೆರೆಸಿದರೆ ಒಳ್ಳೆಯ ಮಿಶ್ರಣ. ಖರ್ಚಿಲ್ಲ.

ಇನ್ನು ಮುಖ್ಯವಾದ ಮಾತು. ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆ ಎಂಬ ತಿಳಿವಳಿಕೆ ತಪ್ಪು. ಕುಂಡದ ಮರಕ್ಕೆ ಗೊಬ್ಬರ ಬೇಕು, ನೀರು ಬೇಕು, ಬೆಳಕು ಬೇಕು, ಸಣ್ಣದಾಗಿರುವುದು ಚಾಟ್ನಿಯಿಂದ. ದ್ರಾಕ್ಷಿಗೆ ನಾವು ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಚಾಟ್ನಿ ಮಾಡುತ್ತೇವಲ್ಲ, ಬಳ್ಳಿಯ ಮೇಲಿನ ಸಿಟ್ಟಿನಿಂದಲ್ಲ. ಯಾವ ಕಣ್ಣು ಚಿಗುರಬೇಕು, ಯಾವುದು ನಿಲ್ಲಬೇಕು ಎಂದು ನೋಡಿ ಕತ್ತರಿ ಇಡುವ ಆ ಕಣ್ಣೇ ಇಲ್ಲಿಯೂ ಬೇಕಾದದ್ದು. ದ್ರಾಕ್ಷಿ ತೋಟದಲ್ಲಿ ಹತ್ತು ವರ್ಷ ಕೆಲಸ ಮಾಡಿದ ಆಳುಮಗನಿಗೆ ಬೋನ್ಸಾಯಿಯ ಅರ್ಧ ವಿದ್ಯೆ ಆಗಲೇ ಬಂದಿರುತ್ತದೆ.

ಇಲ್ಲಿ ಒಂದು ವಿನೋದವೂ ಇದೆ. ಬೋನ್ಸಾಯ್ ಎಂದು ಮಾರಿದ ಈ ಗಿಡವನ್ನು ಬೋನ್ಸಾಯ್ ಮಾಡಬೇಕಾದರೆ ಮೊದಲು ಅದನ್ನು ಬೋನ್ಸಾಯ್ ಕುಂಡದಿಂದ ಹೊರಗೆ ತೆಗೆಯಬೇಕು. ಸಣ್ಣ ಕುಂಡದಲ್ಲಿ ಬೊಡ್ಡೆ ದಪ್ಪವಾಗುವುದಿಲ್ಲ. ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಅದನ್ನು ದೊಡ್ಡ ಕುಂಡಕ್ಕೋ ಹಿತ್ತಲ ನೆಲಕ್ಕೋ ಇಳಿಸಿ, ಎರಡು ಮೂರು ವರ್ಷ ಮನಸಾರೆ ಬೆಳೆಯಗೊಡಿ. ಬೊಡ್ಡೆ ಬಲಿತ ಮೇಲೆ ತಲೆ ಕತ್ತರಿಸಿ, ಹೊಸ ಟೊಂಗೆಗಳನ್ನು ಆರಿಸಿ, ಬೇರು ಸವರಿ ಮತ್ತೆ ಚಿಕ್ಕ ಕುಂಡಕ್ಕೆ ತನ್ನಿ. ಕಿನಾಶಿಯ ಒಕ್ಕಲಿಗ ಮಾಡುವುದೂ ಇದನ್ನೇ. ಕತ್ತರಿಸಿದ ಕಡ್ಡಿಗಳನ್ನು ಎಸೆಯಬೇಡಿ. ಫೈಕಸ್ ಕಡ್ಡಿ ಮಳೆಗಾಲದಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ಸಾವಿರ ರೂಪಾಯಿಯ ಒಂದು ಗಿಡದಿಂದ ಓಣಿಯ ಹತ್ತು ಮನೆಗೆ ಹಂಚುವಷ್ಟು ಸಸಿಗಳಾಗುತ್ತವೆ.

ಅಷ್ಟೂ ಹಣ ಕೊಡಲಾರೆವು ಎನ್ನುವವರಿಗೆ ನಮ್ಮ ಊರೇ ನರ್ಸರಿ. ಹಳೆಯ ಗೋಡೆಯ ಬಿರುಕಿನಲ್ಲಿ, ಬಾವಿಯ ಕಲ್ಲಿನ ಸಂದಿನಲ್ಲಿ, ಮಾಳಿಗೆಯ ಅಂಚಿನಲ್ಲಿ ಹಕ್ಕಿ ಬೀಳಿಸಿದ ಬೀಜದಿಂದ ಆಲ ಅರಳಿಗಳು ಹುಟ್ಟಿರುತ್ತವೆ. ಗೋಡೆ ಸೀಳೀತೆಂದು ನಾವು ಅವನ್ನು ಕಿತ್ತೇ ಬಿಸಾಡುತ್ತೇವೆ. ಬಿಸಾಡುವ ಬದಲು ಬೇರು ಸಹಿತ ಬಿಡಿಸಿ ಕುಂಡಕ್ಕೆ ಹಾಕಿದರೆ ಗೋಡೆಯೂ ಉಳಿಯಿತು, ಗಿಡವೂ ಉಳಿಯಿತು. ಹುಣಸೆಬೀಜ ಮುಷ್ಟಿ ತುಂಬ ಊರಿದರೆ ಹತ್ತಾದರೂ ಏಳುತ್ತವೆ. ಹುಣಸೆಯ ಎಲೆ ತಾನೇ ಸಣ್ಣದು, ತೊಗಟೆ ಬೇಗ ಬಿರುಕುಬಿಟ್ಟು ಮುದಿಯಾಗಿ ಕಾಣುತ್ತದೆ, ನಮ್ಮ ಬಿಸಿಲು ಅದಕ್ಕೆ ರೂಢಿ. ಚೀನದಿಂದ ಬಂದ ಗಿಡದ ಪಕ್ಕದಲ್ಲಿ ಚಿಮ್ಮಡದ ಹುಣಸೆ ಕುಳಿತರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಮರಗಳು ಕೇಳುವುದಿಲ್ಲ.

2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಬಾಗಲಕೋಟೆಯಲ್ಲಿಯೇ ಇದೆ. ಗಿಡದ ರೋಗ, ಮಣ್ಣು, ಕಸಿ ಈ ವಿಷಯಗಳಲ್ಲಿ ಸಂದೇಹ ಬಂದರೆ ಬಲ್ಲವರು ಹತ್ತಿರದಲ್ಲಿಯೇ ಇದ್ದಾರೆ. ಬೋನ್ಸಾಯಿಯಲ್ಲಿ ಕೈ ಪಳಗಿದ ಹಿರಿಯರಲ್ಲಿಯೂ ಒಂದು ಬಿನ್ನಹ. ಪೆಟ್ಟಿಗೆಯ ಗಿಡ ಹಿಡಿದುಕೊಂಡು ಹೊಸಬರು ನಿಮ್ಮ ಬಾಗಿಲಿಗೆ ಬಂದಾಗ, "ಇದು ಬೋನ್ಸಾಯ್ ಅಲ್ಲ" ಎಂದು ಕಳಿಸಿಬಿಡಬೇಡಿ. "ಇನ್ನೂ ಆಗಿಲ್ಲ, ಬನ್ನಿ, ಕತ್ತರಿ ಹೇಗೆ ಹಿಡಿಯುವುದು ತೋರಿಸುತ್ತೇನೆ" ಎನ್ನಿ. ನಿಮ್ಮ ಮರಗಳು ನಿಮ್ಮ ಕಾಲದ ನಂತರವೂ ಬಾಳಬೇಕಾದವು. ನಾಳೆ ಅವಕ್ಕೆ ನೀರು ಹಾಕುವ ಕೈಗಳು ಬಹುಶಃ ಇಂದು ಅಗ್ಗದ ಗಿಡವನ್ನು ಹಿಡಿದು ನಿಂತಿರುವ ಕೈಗಳೇ.

ಕೊಂಡವರಲ್ಲಿಯೂ ಒಂದು ಮಾತು. ಚೀಟಿಯನ್ನು ಕಿತ್ತು ಒಗೆಯಿರಿ. ಗಿಡ ನಿಮ್ಮ ಮನೆಗೆ ಬಂದ ದಿನವನ್ನು ಒಂದು ಕಾಗದದ ಮೇಲೆ ಬರೆದಿಡಿರಿ. ಅದರ ಬೋನ್ಸಾಯ್ ವಯಸ್ಸನ್ನು ಎಣಿಸಬೇಕಾದದ್ದು ಆ ದಿನದಿಂದ.